ಪುಟ್ಟ ಟ್ರೇಲರ್‌ಗೆ ಹೊಸ ಒಳಾಂಗಣ: ಬಣ್ಣಕ್ಕೆ ಮೊದಲು ನೀರು, ತೂಕ ನೋಡಿ

ಪ್ರಶ್ನೆ: ಕಾರಿಗೆ ಕಟ್ಟಿ ಎಳೆಯುವ ಹಳೆಯ ಕ್ಯಾಂಪಿಂಗ್ ಟ್ರೇಲರ್ ಕೊಂಡಿದ್ದೇವೆ. ಒಳಗೆ 10 ಅಡಿ ಉದ್ದ, 6 ಅಡಿ ಅಗಲ. ಗೋಡೆಯ ಪ್ಲೈವುಡ್ ಕಪ್ಪಾಗಿದೆ, ಮುಗ್ಗಲು ವಾಸನೆ ಇದೆ. ಎಲ್ಲ ಕಿತ್ತು 18 ಎಂಎಂ ಪ್ಲೈವುಡ್‌ನಲ್ಲಿ ಕಬೋರ್ಡ್ ಮಾಡಿ, ಸನ್‌ಮೈಕಾ ಅಂಟಿಸಿ, ನೆಲಕ್ಕೆ ಟೈಲ್ಸ್ ಹಾಕಿದರೆ ಮನೆಯಷ್ಟೇ ಗಟ್ಟಿ ಅನ್ನುತ್ತಾರೆ ನಮ್ಮ ಬಡಗಿ. ಮಾಡಿಸಬಹುದೆ? (ಚಿಕ್ಕಬಳ್ಳಾಪುರ)

ಉತ್ತರ: ಬೇಡ. ನಿಮ್ಮ ಬಡಗಿ ಹೇಳಿದ್ದು ಮನೆಗೆ ಸರಿ. ಮನೆ ನಿಂತಲ್ಲೇ ಇರುತ್ತದೆ, ಟ್ರೇಲರ್ ಓಡುತ್ತದೆ, ಅಲುಗುತ್ತದೆ, ಹಳ್ಳ ದಿಣ್ಣೆಗಳಲ್ಲಿ ಕುಕ್ಕುತ್ತದೆ.

ಲೆಕ್ಕ ಹಾಕಿ ನೋಡಿ. 8×4 ಅಡಿಯ 18 ಎಂಎಂ ಪ್ಲೈವುಡ್ ಹಾಳೆ ಒಂದಕ್ಕೆ ಸುಮಾರು 35 ಕೆಜಿ. ಐದು ಹಾಳೆ ಅಂದರೆ 175 ಕೆಜಿ. ಒಂದು ಬದಿಗೆ 1 ಎಂಎಂ ಸನ್‌ಮೈಕಾ ಅಂಟಿಸಿದರೂ ಇನ್ನು 20 ಕೆಜಿ ಸೇರುತ್ತದೆ. ಓಡಾಡುವ ಜಾಗ 40 ಚದರ ಅಡಿ ಅಂದುಕೊಂಡರೆ ಟೈಲ್ಸ್ ಒಂದೇ 70 ಕೆಜಿ ದಾಟುತ್ತದೆ, ಅಂಟಿನ ತೂಕ ಬೇರೆ. ನೀವು ಒಂದು ಪಾತ್ರೆ ಇಡುವ ಮೊದಲೇ 265 ಕೆಜಿ ಆಯಿತು. ಇಷ್ಟಾಗಿಯೂ ಆ ಟೈಲ್ಸ್ ಉಳಿಯುವುದಿಲ್ಲ. ನೆಲದ ಪ್ಲೈವುಡ್ ಬಾಗಿದಂತೆಲ್ಲ ಸಂದುಗಳು ಬಿರುಕು ಬಿಡುತ್ತವೆ, ಆಮೇಲೆ ಟೈಲ್ಸ್ ಏಳುತ್ತವೆ.

ಇದರ ಬದಲು 1×1 ಇಂಚಿನ ಮರದ ಪಟ್ಟಿಯಲ್ಲಿ ಚೌಕಟ್ಟು ಕಟ್ಟಿಸಿ, ಅದಕ್ಕೆ 6 ಎಂಎಂ ಪ್ಲೈವುಡ್ ಹೊದಿಸಲು ಹೇಳಿ. ಭಾರ ಹೊರುವ ಅಡುಗೆ ಕಟ್ಟೆ, ಮಂಚದ ಹಲಗೆಗೆ ಮಾತ್ರ 12 ಎಂಎಂ ಸಾಕು. 6 ಎಂಎಂ ಹಾಳೆಗೆ 12 ಕೆಜಿ, 12 ಎಂಎಂಗೆ 24 ಕೆಜಿ ಆಸುಪಾಸು. ಮೂರು ತೆಳು ಹಾಳೆ, ಒಂದು ದಪ್ಪ ಹಾಳೆ, ಚೌಕಟ್ಟು ಎಲ್ಲ ಸೇರಿ 70 ಕೆಜಿಯೊಳಗೆ ಮುಗಿಯುತ್ತದೆ. ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್ ಕೇಳಿ ಪಡೆಯಿರಿ. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ: ತೂಕವೂ ಹೆಚ್ಚು, ಒಮ್ಮೆ ನೀರು ಕುಡಿದರೆ ಉಬ್ಬಿ ಸ್ಕ್ರೂ ಹಿಡಿತ ಬಿಡುತ್ತದೆ. ನೆಲಕ್ಕೆ 2 ಎಂಎಂ ವಿನೈಲ್ ಹಾಳೆ ಹಾಕಿ, 40 ಚದರ ಅಡಿಗೆ ಹತ್ತು ಹನ್ನೆರಡು ಕೆಜಿ ಅಷ್ಟೆ.

ಕೆಲಸಕ್ಕೆ ಮೊದಲು ಟ್ರೇಲರನ್ನು ಖಾಲಿ ಮಾಡಿ ವೇಬ್ರಿಡ್ಜ್‌ನಲ್ಲಿ ತೂಗಿಸಿ. ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದಿಂದ ಅದನ್ನು ಕಳೆದರೆ ಉಳಿಯುವುದೇ ನಿಮ್ಮ ಕೈಲಿರುವ ಲೆಕ್ಕ. ಅದರಲ್ಲಿ 40 ಲೀಟರ್ ನೀರಿಗೆ 40 ಕೆಜಿ ಹೋಯಿತು, ಬ್ಯಾಟರಿ, ಸಿಲಿಂಡರ್, ಹಾಸಿಗೆ, ಬಟ್ಟೆಗೂ ಪಾಲು ಬೇಕು. ಕೆಲಸ ಮುಗಿದ ಮೇಲೆ ಇನ್ನೊಮ್ಮೆ ತೂಗಿಸಿ. ಭಾರದ ಸಾಮಾನು ಆಕ್ಸಲ್‌ನ ಮೇಲೆ, ನೆಲಕ್ಕೆ ಹತ್ತಿರ ಬರಲಿ. ಹಿಂಭಾಗದಲ್ಲಿ ದೊಡ್ಡ ಕಬೋರ್ಡ್ ಕಟ್ಟಿಸಿದರೆ ಮುಂದಿನ ಕೊಕ್ಕೆ ಹಗುರವಾಗಿ, ಹೆದ್ದಾರಿ ವೇಗದಲ್ಲಿ ಟ್ರೇಲರ್ ಬಾಲದಂತೆ ಬೀಸತೊಡಗುತ್ತದೆ. ಒಟ್ಟು 700 ಕೆಜಿಯ ಟ್ರೇಲರ್‌ಗೆ ಕೊಕ್ಕೆಯ ಮೇಲೆ 50ರಿಂದ 70 ಕೆಜಿ ಬೀಳಬೇಕು. ಮೈತೂಕ ನೋಡುವ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಕೊಕ್ಕೆಯನ್ನು ಅದರ ಮೇಲಿಟ್ಟರೆ ತಿಳಿಯುತ್ತದೆ. ಕಾರಿನ ಕೊಕ್ಕೆ ತಡೆಯುವ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಆ ಮಿತಿಯೇ ಕೊನೆ.

ಇನ್ನು ಮುಗ್ಗಲು ವಾಸನೆ. ಇದು ನಿಮ್ಮ ಪತ್ರದ ಮುಖ್ಯ ವಿಷಯ. ಎಲ್ಲೋ ನೀರು ಒಳಗೆ ಬರುತ್ತಿದೆ, ಅದನ್ನು ನಿಲ್ಲಿಸದೆ ಒಂದು ಡಬ್ಬ ಬಣ್ಣವನ್ನೂ ಕೊಳ್ಳಬೇಡಿ. ಕಿಟಕಿ ಚೌಕಟ್ಟು, ಮೇಲಿನ ಗಾಳಿಕಿಂಡಿ, ಮೂಲೆಯ ಲೋಹದ ಪಟ್ಟಿಯ ಸ್ಕ್ರೂ ತೂತು, ಹಿಂದಿನ ದೀಪದ ಸುತ್ತ ನೋಡಿ. ಇಬ್ಬರು ಬೇಕು. ಒಬ್ಬರು ಹೊರಗೆ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ, ಕೆಳಗಿನಿಂದ ಶುರು ಮಾಡಿ ಒಂದೊಂದು ಭಾಗಕ್ಕೆ ಹತ್ತು ನಿಮಿಷ ಕೊಟ್ಟು ಮೇಲಕ್ಕೆ ಹೋಗಲಿ. ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ತೂತು ಯಾವುದೆಂದು ಗೊತ್ತಾಗುವುದಿಲ್ಲ. ಸರ್ವಿಸ್ ಸ್ಟೇಷನ್‌ನ ಪ್ರೆಶರ್ ಪಂಪ್ ಬೇಡ, ಅದು ಸರಿಯಾದ ಸಂದಿಗೂ ನೀರು ನುಗ್ಗಿಸುತ್ತದೆ.

ಸೋರುವ ಕಡೆ ಲೋಹದ ಪಟ್ಟಿ ಬಿಚ್ಚಿ, ಹಳೆಯ ಅಂಟನ್ನು ಪೂರ್ತಿ ಕೆರೆದು, ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಇಟ್ಟು ಮತ್ತೆ ಬಿಗಿಯಿರಿ. ಪಟ್ಟಿಯ ಮೇಲೇ ಸಿಲಿಕೋನ್ ಬಳಿಯುವುದು ಎಲ್ಲರೂ ಮಾಡುವ ಸುಲಭದ ಕೆಲಸ, ಕೆಡುವುದೂ ಅಲ್ಲೇ. ಒಳಗೆ ಹೊಕ್ಕ ನೀರು ಹೊರಬರದೆ ಮರವನ್ನು ಕೊಳೆಸುತ್ತದೆ, ಮುಂದೆ ಆ ಜಾಗಕ್ಕೆ ಬಣ್ಣವೂ ಅಂಟುವುದಿಲ್ಲ, ಬೇರೆ ಅಂಟೂ ಕೂರುವುದಿಲ್ಲ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಸಲೀಸಾಗಿ ಇಳಿಯುವ ಮರವನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದು, ಹೊಸ ತುಂಡು ಕೂಡಿಸಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೇಸಿಗೆಯಲ್ಲಿ ಸೋರಿಕೆ ಸರಿಮಾಡಿ, ಮುಂಗಾರಿಗೆ ಮುಂಚಿನ ಒಂದೆರಡು ಗುಡುಗು ಮಳೆ ಕಂಡ ಮೇಲೆ ಒಳಗಿನ ಕೆಲಸಕ್ಕೆ ಕೈ ಹಾಕಿದರೆ ದುಡ್ಡು ಉಳಿಯುತ್ತದೆ.

ಪ್ರಶ್ನೆ: ಟ್ರೇಲರ್ ಒಳಗೋಡೆಗೆ ಎನಾಮೆಲ್ ಹೊಡೆಸಿದೆವು. ಮೂರೇ ತಿಂಗಳಲ್ಲಿ ಉಗುರು ತಾಗಿದರೆ ಸಿಪ್ಪೆಯಂತೆ ಏಳುತ್ತಿದೆ. ಏನು ತಪ್ಪಾಗಿದೆ? (ಕೋಲಾರ)

ಉತ್ತರ: ಇಂಥ ಟ್ರೇಲರ್‌ಗಳ ಒಳಗೋಡೆ ಬರಿಯ ಮರವಲ್ಲ. ತೆಳು ಪ್ಲೈವುಡ್ ಮೇಲೆ ನುಣುಪಾದ ಕಾಗದ ಅಥವಾ ವಿನೈಲ್ ಪದರ ಇರುತ್ತದೆ. ಮರಕ್ಕೆ ಹೊಡೆಯುವ ಪ್ರೈಮರ್ ಹೀರಿಕೊಳ್ಳುವ ಮೈಯನ್ನು ಕೇಳುತ್ತದೆ, ನುಣುಪಿನ ಮೇಲೆ ಸುಮ್ಮನೆ ಕೂತಿರುತ್ತದೆ. ಅಡುಗೆ ಜಿಡ್ಡು ಸೇರಿದರೆ ಮುಗಿಯಿತು.

ಏಳುವ ಬಣ್ಣವನ್ನೆಲ್ಲ ಕೆರೆದು ತೆಗೆಯಿರಿ. ಸೋಪಿನ ಬಿಸಿನೀರಲ್ಲಿ ಒರೆಸಿ, ಶುದ್ಧ ನೀರಲ್ಲಿ ಇನ್ನೊಮ್ಮೆ ಒರೆಸಿ, ಒಂದು ದಿನ ಒಣಗಲು ಬಿಡಿ. 220 ನಂಬರಿನ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಕಾಗದದ ಪದರ ಹರಿಯಬಾರದು. ದೂಳನ್ನು ಒದ್ದೆ ಬಟ್ಟೆಯಲ್ಲಿ ತೆಗೆದ ಮೇಲೆ ಲ್ಯಾಮಿನೇಟ್, ಟೈಲ್ಸ್‌ನಂಥ ನುಣುಪು ಮೈಗೇ ಬರುವ ಬಾಂಡಿಂಗ್ ಪ್ರೈಮರ್ ಒಂದು ಕೋಟ್ ಹೊಡೆಯಿರಿ. ಎರಡು ದಿನ ಬಿಟ್ಟು, ಕಾಣದ ಮೂಲೆಯಲ್ಲಿ ಬ್ಲೇಡಿನಿಂದ ಅಡ್ಡ, ಉದ್ದ ಗೀರಿ, ಟೇಪ್ ಒತ್ತಿ ಎಳೆಯಿರಿ. ಟೇಪಿನ ಜೊತೆ ಪ್ರೈಮರ್ ಬಂದರೆ ಅಲ್ಲಿಗೇ ನಿಲ್ಲಿಸಿ. ಬರದಿದ್ದರೆ ನೀರಿನ ಆಧಾರದ ಅಕ್ರಿಲಿಕ್ ಎನಾಮೆಲ್ ಎರಡು ತೆಳು ಕೋಟ್ ಕೊಡಿ. ಎಣ್ಣೆ ಎನಾಮೆಲ್ ಬಿಳಿಯು ಬೆಳಕು ಕಡಿಮೆ ಇರುವ ಕಡೆ ಹಳದಿಗೆ ತಿರುಗುತ್ತದೆ, ಚಿಕ್ಕ ಜಾಗದಲ್ಲಿ ವಾಸನೆಯೂ ಬಹಳ ದಿನ ಉಳಿಯುತ್ತದೆ. ನಿಮ್ಮದೂ 10×6 ಅಡಿಯ ಟ್ರೇಲರ್ ಆದರೆ, ಕಿಟಕಿ, ಕಬೋರ್ಡ್ ಕಳೆದು ಸುಮಾರು 180 ಚದರ ಅಡಿ ಉಳಿಯುತ್ತದೆ. 2 ಲೀಟರ್ ಪ್ರೈಮರ್, 4 ಲೀಟರ್ ಬಣ್ಣ ಸಾಕು.

ಬೆಳಗ್ಗೆ 11 ಗಂಟೆಯೊಳಗೆ ಕೆಲಸ ಮುಗಿಸಿ. ತಗಡು ಕಾದರೆ ರೋಲರ್ ಎಳೆಯುತ್ತಿರುವಾಗಲೇ ಬಣ್ಣ ಒಣಗಿ ಪಟ್ಟೆ ಪಟ್ಟೆ ಕಾಣುತ್ತದೆ. ಹಲಗೆ ಸಂದುಗಳಿಗೆ ಗೋಡೆ ಪುಟ್ಟಿ ತುಂಬಬೇಡಿ, ಒಂದು ಪ್ರಯಾಣದ ಅಲುಗಾಟಕ್ಕೇ ಉದುರುತ್ತದೆ. ತೆಳು ಮರದ ಬೀಡಿಂಗ್ ಪಟ್ಟಿ ಹೊಡೆದು ಮುಚ್ಚುವುದೇ ಚೆಂದ.

ಪ್ರಶ್ನೆ: ಅಂಟಿಸಿದ ವಾಲ್‌ಪೇಪರ್, ಸನ್‌ಮೈಕಾ ಎರಡೂ ಬೇಸಿಗೆಯಲ್ಲಿ ಮೂಲೆಯಿಂದ ಸುರುಳಿ ಬರುತ್ತಿವೆ. (ಪಾವಗಡ)

ಉತ್ತರ: ಎರಡು ಸಾವಿರ ಮೆಗಾವಾಟ್‌ಗೂ ಮೀರಿದ ಸೋಲಾರ್ ಪಾರ್ಕ್ ಇರುವ ತಾಲ್ಲೂಕು ನಿಮ್ಮದು, ಬಿಸಿಲನ್ನೇ ಲೆಕ್ಕಕ್ಕೆ ಹಿಡಿದು ಕೆಲಸ ಮಾಡಬೇಕು. ಮುಚ್ಚಿ ನಿಲ್ಲಿಸಿದ ಟ್ರೇಲರ್‌ನ ಚಾವಣಿ ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತದೆ, ಸಾಮಾನ್ಯ ರಬ್ಬರ್ ಅಂಟು ಅಲ್ಲಿ ಮೆತ್ತಗಾಗುತ್ತದೆ. ಶಾಖ ತಡೆಯುವ ಅಂಟನ್ನೇ ಕೇಳಿ ತನ್ನಿ, ಎರಡೂ ಮೈಗೆ ಬಳಿದು, ಕೈಗೆ ಮೆತ್ತದಷ್ಟು ಒಣಗಿದ ಮೇಲೆ ಜೋಡಿಸಿ. ಅಂಚಿಗೆಲ್ಲ ಬೀಡಿಂಗ್ ಪಟ್ಟಿಗೆ ಮೊಳೆ ಹೊಡೆಯಿರಿ. ಚಾವಣಿಯ ಒಳಮೈಗೆ ಸ್ಟಿಕ್ಕರ್ ವಾಲ್‌ಪೇಪರ್ ಬೇಡ, ಅಲ್ಲಿಗೆ ಬಣ್ಣವೇ ಸರಿ. ಹೊರಗಿನ ತಗಡಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಕೋಟಿಂಗ್ ಕೊಟ್ಟರೆ ಒಳಗಿನ ಅಂಟಿಗೂ ಆಯಸ್ಸು.

ಪ್ರಶ್ನೆ: ಗೋಡೆಗೆ ಶೆಲ್ಫ್ ಹೊಡೆಯಲು ಎಷ್ಟು ಉದ್ದದ ಸ್ಕ್ರೂ ಬೇಕು? (ಶಿಡ್ಲಘಟ್ಟ)

ಉತ್ತರ: ಗೋಡೆಯ ಒಟ್ಟು ದಪ್ಪವೇ 25ರಿಂದ 30 ಎಂಎಂ: ಒಳಗೆ ತೆಳು ಪ್ಲೈವುಡ್, ನಡುವೆ ಫೋಮ್, ಮರದ ಪಟ್ಟಿ, ಹೊರಗೆ ತೆಳು ತಗಡು. ಮನೆಗೆ ಬಳಸುವ ಒಂದೂವರೆ ಇಂಚಿನ ಸ್ಕ್ರೂ ತಗಡನ್ನೇ ತೂತು ಮಾಡಿ ಹೊರಗೆ ಇಣುಕುತ್ತದೆ, ಮಳೆಗೆ ಅದೇ ಹೊಸ ದಾರಿ. ಶೆಲ್ಫ್ ದಪ್ಪ ಬಿಟ್ಟು ಗೋಡೆಯೊಳಕ್ಕೆ 15 ಎಂಎಂ ಮಾತ್ರ ಇಳಿಯಬೇಕು. ಡ್ರಿಲ್ ಬಿಟ್‌ಗೆ ಅಷ್ಟು ದೂರದಲ್ಲಿ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಸ್ಕ್ರೂ ಮರದ ಪಟ್ಟಿಗೇ ಸಿಗಬೇಕು. ಗೋಡೆಯ ಮೇಲೆ ಆಯಸ್ಕಾಂತ ಆಡಿಸಿದರೆ ಹಳೆಯ ಪಿನ್ನುಗಳಿಗೆ ಅಂಟಿ ಪಟ್ಟಿಯ ಜಾಗ ತೋರಿಸುತ್ತದೆ. ದೀಪ, ಸ್ವಿಚ್‌ಗಳ ನೇರಕ್ಕೆ ಡ್ರಿಲ್ ಹಾಕಬೇಡಿ, ಹಿಂದೆ ವೈರ್ ಇರಬಹುದು. ಕೆಲಸಕ್ಕೆ ಮೊದಲು ಬ್ಯಾಟರಿ ಕಳಚಿಡಿ.

ಪ್ರಶ್ನೆ: ದೇವರಾಯನದುರ್ಗದ ತಿರುವುಗಳಲ್ಲಿ ಕಬೋರ್ಡ್ ಬಾಗಿಲು ತೆರೆದು ಸಾಮಾನೆಲ್ಲ ಬೀಳುತ್ತದೆ. ದಿಂಬು, ಪರದೆಗೂ ಸಲಹೆ ಕೊಡಿ. (ತುಮಕೂರು)

ಉತ್ತರ: ಆಯಸ್ಕಾಂತದ ಕ್ಯಾಚ್, ಸಾಫ್ಟ್ ಕ್ಲೋಸ್ ಹಿಂಜ್ ಎರಡೂ ಓಡುವ ವಾಹನಕ್ಕೆ ಸಾಲವು. ಒತ್ತಿದರೆ ಮಾತ್ರ ಬಿಡುವ ಗುಂಡಿ ಚಿಲಕ ಹಾಕಿಸಿ.

ಕೂರುವ ದಿಂಬಿಗೆ 40 ಡೆನ್ಸಿಟಿ ಫೋಮ್, 4 ಇಂಚು ದಪ್ಪ. ಕಡಿಮೆ ಡೆನ್ಸಿಟಿಯದು ಬೇಗ ಕುಸಿದು ಹಲಗೆ ಒತ್ತುತ್ತದೆ. ಕೆಳಗಿನ ಹಲಗೆಗೆ ಅರ್ಧ ಅಡಿಗೊಂದರಂತೆ ಒಂದಿಂಚಿನ ತೂತು ಕೊರೆಸಿ, ಇಲ್ಲವಾದರೆ ಚಳಿಗಾಲದಲ್ಲಿ ಮಲಗಿದವರ ಮೈಬೆವರು, ಉಸಿರಿನ ತೇವ ಅಡಿಯಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ಗವಸಿಗೆ ಜಿಪ್ ಇರಲಿ, ಕೆಂಪು ದೂಳಿನ ಊರಲ್ಲಿ ಒಗೆಯುವುದು ತಪ್ಪದು. ಪರದೆಗೆ ಮೇಲೆ, ಕೆಳಗೆ ಎರಡು ಕಂಬಿ ಹಾಕಿ, ಒಂದೇ ಕಂಬಿಯಾದರೆ ಓಡುವಾಗ ಬೀಸಾಡಿ ಕೊಂಡಿ ಕಿತ್ತುಬರುತ್ತದೆ. ಒಲೆಯ ಪಕ್ಕದ ಕಿಟಕಿಗೆ ಪರದೆ ಬೇಡ. ರೇಷ್ಮೆ ಬಟ್ಟೆ ಬಿಸಿಲಿಗೆ ಬೇಗ ಜೀರ್ಣವಾಗುತ್ತದೆ, ದಪ್ಪ ಹತ್ತಿಯೇ ಬಾಳುತ್ತದೆ.

ಪ್ರಶ್ನೆ: ಒಳಗಿನ ಬದಲಾವಣೆಗೆ ಆರ್‌ಟಿಒ ತಕರಾರು ಇದೆಯೆ? ನೆಲಕ್ಕೆ ಹೊಸ ವಿನೈಲ್ ನಾವೇ ಹಾಕಿಕೊಳ್ಳುತ್ತಿದ್ದೇವೆ. (ಗೌರಿಬಿದನೂರು)

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಆರ್‌ಸಿಯ ವಿವರ ಹೊಂದದಂತೆ ವಾಹನ ಬದಲಿಸಬಾರದು. ಬಣ್ಣ, ದಿಂಬು, ಪರದೆಗೆ ಅದು ಅಡ್ಡ ಬರುವುದಿಲ್ಲ. ಉದ್ದ, ಎತ್ತರ, ಬಾಡಿ ಬದಲಿಸುವ ಯೋಚನೆಯಿದ್ದರೆ ಮೊದಲು ಕಚೇರಿಯಲ್ಲಿ ಕೇಳಿ.

ವಿನೈಲ್ ಹಾಸುವಾಗ ಒಲೆ ಅಥವಾ ಸಿಲಿಂಡರ್ ಹತ್ತಿರ ನೆಲದಲ್ಲಿ ಜಾಲರಿ ಹಾಕಿದ ತೂತು ಕಂಡರೆ ದಯವಿಟ್ಟು ಮುಚ್ಚಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿ ಆ ತೂತಿನಿಂದ ಹೊರಹೋಗಬೇಕು. ಇಲಿ, ದೂಳು ಬರುತ್ತದೆಂದು ಅದರ ಮೇಲೆ ಹಾಳೆ ಎಳೆದುಬಿಡುವವರು ಹೆಚ್ಚು. ಅಲ್ಲಿ ವಿನೈಲನ್ನು ತೂತಿನ ಅಳತೆಗೆ ಕತ್ತರಿಸಿ, ಅಂಚಿಗೆ ಅಂಟು ಕೊಟ್ಟು, ಮೇಲೆ ಹೊಸ ಸ್ಟೀಲ್ ಜಾಲರಿಯನ್ನು ನಾಲ್ಕು ಸ್ಕ್ರೂಗಳಲ್ಲಿ ಬಿಗಿಯಿರಿ.