ಸನ್ನಿವೇಲ್‌ಗೆ ಬರುವ ಮುಂಚೆ

"ಹೊಸ ಹೊಸ ಕಂಪನಿಗಳೆಲ್ಲ ಹುಟ್ಟುವುದೇ ಸಿಲಿಕಾನ್ ವ್ಯಾಲಿಯಲ್ಲಿ. ಅಂದಮೇಲೆ ಅಲ್ಲಿನವರೆಲ್ಲ ಅನುಕೂಲಸ್ಥರೇ ಇರಬೇಕು, ಅಲ್ವಾ?" ಎಂದು ಕೇಳಿದ್ದೀರಿ. ಮುಂದಿನ ತಿಂಗಳು ಇಲ್ಲಿಗೆ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಕೆಲಸಕ್ಕೆ ಬರುತ್ತಿರುವವರಿಗೆ ಸುಮ್ನೆ ಹೌದು ಎಂದುಬಿಡಬಹುದಿತ್ತು.

ನಾನು 2012ರಲ್ಲಿ ಬಂದಾಗ ಕಾರಿರಲಿಲ್ಲ. ಪಾಲೋ ಆಲ್ಟೋದಿಂದ ಸ್ಯಾನ್ ಹೋಸೆಗೆ ರಾತ್ರಿಯಿಡೀ ಓಡುತ್ತಿದ್ದ 22ನೇ ನಂಬರ್ ಬಸ್ಸೇ ಗತಿ. ಒಮ್ಮೆ ರಾತ್ರಿ ಎರಡು ಗಂಟೆಗೆ ಹತ್ತಿದರೆ ಸೀಟೆಲ್ಲ ಭರ್ತಿ. ಎಲ್ಲರೂ ನಿದ್ದೆಯಲ್ಲಿ, ಕಾಲ ಬಳಿ ಗಂಟುಮೂಟೆ. ಮನೆಯಿಲ್ಲದವರು. ಕೊನೆಯ ಸ್ಟಾಪಿನಲ್ಲಿ ಇಳಿದು, ವಾಪಸ್ ಹೊರಡುವ ಬಸ್ಸು ಹತ್ತಿ ಮತ್ತೆ ಮಲಗುತ್ತಿದ್ದರು. ಜನ ಅದಕ್ಕೆ ಇಟ್ಟ ಹೆಸರು 'ಹೋಟೆಲ್ 22'.

ಇಷ್ಟು ದುಡ್ಡಿರುವ ಕಡೆ ಹೀಗೇಕೆ? ಮನೆ, ಅಷ್ಟೇ. ಆಫೀಸುಗಳು ಎದ್ದಷ್ಟು ಮನೆಗಳು ಏಳಲು ಇಲ್ಲಿನ ಊರುಗಳು ಬಿಡಲಿಲ್ಲ. ಸಂಬಳದ ಹಿಂದೆಯೇ ಬಾಡಿಗೆ ಏರಿತು. ಜೊತೆಗೆ 1978ರಲ್ಲಿ ರಾಜ್ಯದ ಜನರೇ ಮತ ಹಾಕಿ ತಂದ ಪ್ರೊಪೊಸಿಷನ್ 13 ಎಂಬ ಕಾನೂನು ಬೇರೆ. ಮನೆ ತೆರಿಗೆ ಕೊಂಡ ಬೆಲೆಯ ಸುಮಾರು ಶೇ 1. ತೆರಿಗೆ ಲೆಕ್ಕಕ್ಕೆ ಆ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ, ಮಾರುಕಟ್ಟೆಯಲ್ಲಿ ಎಷ್ಟೇ ಏರಿರಲಿ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಮೊದಲು ಬಂದವರಿಗೆ ಅನುಕೂಲ ಆಯಿತು. ನಮ್ಮ ಮನೆ ಓನರ್ ಅಜ್ಜಿ ಒಂದು ಸಾಲು ಕೋಡ್ ಬರೆದವರಲ್ಲ. ಎಂಟು ವರ್ಷ ನನ್ನ ಸಂಬಳದ ಅರ್ಧ ಅವರಿಗೇ ಹೋಯಿತು. ಒಳ್ಳೆಯವರು, ಹಿತ್ತಲಿನ ನಿಂಬೆಹಣ್ಣು ಕೊಡುತ್ತಿದ್ದರು. ಅದು ಬೇರೆ ಮಾತು.

22 ಎಂದರೆ ಇನ್ನೊಂದು ನೆನಪಾಗುತ್ತದೆ. ಪ್ರೊಪೊಸಿಷನ್ 22, 2020ರ ನವೆಂಬರಿನ ಮತದಾನ. ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮುಂತಾದ ಟ್ಯಾಕ್ಸಿ, ಊಟ ತಲುಪಿಸುವ ಆ್ಯಪ್ ಕಂಪನಿಗಳು ಅದನ್ನು ಗೆಲ್ಲಿಸಲು 20 ಕೋಟಿ ಡಾಲರಿಗೂ ಜಾಸ್ತಿ ಸುರಿದವು. ಗೆದ್ದವು. ಗಾಡಿ ಓಡಿಸುವವರು ಕಂಪನಿಯ ನೌಕರರಲ್ಲ ಎಂದಾಯಿತು. ಕನಿಷ್ಠ ಗಳಿಕೆಯ ಭರವಸೆಯೇನೋ ಸಿಕ್ಕಿತು, ಆದರೆ ಆರ್ಡರ್ ಒಪ್ಪಿಕೊಂಡು ಮುಗಿಸುವವರೆಗಿನ ಹೊತ್ತಿಗೆ ಮಾತ್ರ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಮುಂದಿನ ಆರ್ಡರಿಗೆ ಕಾಯುವ ಹೊತ್ತು ಲೆಕ್ಕಕ್ಕಿಲ್ಲ. ನನಗಂತೂ ಈ ಆ್ಯಪ್‌ಗಳಿಂದ ಅನುಕೂಲವೇ. ರಾತ್ರಿ ಒಂಬತ್ತಕ್ಕೂ ಬಿಸಿ ಇಡ್ಲಿ ಬಾಗಿಲಿಗೆ ಬರುತ್ತದೆ. ತಂದುಕೊಟ್ಟವರು ಎಲ್ಲಿ ಮಲಗುತ್ತಾರೆ ಎಂದು ನಾನೂ ಕೇಳಿದವನಲ್ಲ.

ಬರಬೇಡಿ ಎನ್ನುತ್ತಿಲ್ಲ. ಸಂಬಳವನ್ನು ರೂಪಾಯಿಗೆ ಗುಣಿಸುವ ಮುಂಚೆ ಆಫೀಸಿನ ಹತ್ತಿರ ಬಾಡಿಗೆ ಎಷ್ಟಿದೆ ಎಂದು ಹುಡುಕಿ ನೋಡಿ. ಮನೆ ಸಿಗುವವರೆಗೆ ನಮ್ಮಲ್ಲೇ ಇರಬಹುದು, ಸೋಫಾ ಖಾಲಿಯಿದೆ. ಬರುವಾಗ ಒಂದು ಕೆಜಿ ಚಟ್ನಿಪುಡಿ ತನ್ನಿ.