ಸಿಎ ಬಿಟ್ಟರೆ ಅಪ್ಪನಿಗೆ ಏನು ಹೇಳಲಿ?

ಪ್ರಶ್ನೆ: ನಾನು ಮುಂಬೈ ಹತ್ತಿರದ ಡೊಂಬಿವಲಿಯವಳು, ವಯಸ್ಸು 20. ಬಿ.ಕಾಂ. ಕೊನೆಯ ವರ್ಷ. ಸಿಎ ಓದಿನ ಮೊದಲ ಪರೀಕ್ಷೆ ಫೌಂಡೇಶನ್ ಎರಡು ಸಲ ಬರೆದೆ, ಎರಡೂ ಸಲ ಫೇಲು. ಅಂಕಿ ಕಂಡರೆ ತಲೆ ಓಡುವುದಿಲ್ಲ. ಓದುವುದು, ಜನರ ಜೊತೆ ಮಾತಾಡುವುದು ಇಷ್ಟ. ಕಳೆದ ತಿಂಗಳು ಕುಂದಾಪುರದಿಂದ ಬಂದ ದೊಡ್ಡಮ್ಮನನ್ನು ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವತ್ತಿನಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಅಪ್ಪ ಹೋಟೆಲಿನಲ್ಲಿ ದುಡಿದು ಕ್ಲಾಸಿನ ಫೀಸು ಕಟ್ಟಿದ್ದಾರೆ. ‘ಇನ್ನೊಂದು ಸಲ ಬರೆ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ. ಮೂಲದಲ್ಲಿ ಸಿಎ ಬಗ್ಗೆ ಇದ್ದದ್ದು ಮೂರು ಸಾಲು, ಆಸ್ಪತ್ರೆ ಬಗ್ಗೆ ಒಂದು ಇಡೀ ಪುಟ. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ದೊಡ್ಡಮ್ಮನಿಗೆ ಮೂರು ಸಲ ಬಿಡಿಸಿ ಹೇಳಿದಿರಿ. ಹೊರಗೆ ರಾಯಚೂರಿನ ಅಜ್ಜ ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅವರ ಫಾರ್ಮೂ ತುಂಬಿಕೊಟ್ಟಿರಿ. ಅವರ ಮಾತಿನ ಧಾಟಿ ಬೇರೆ ಅಂತ ನಿಧಾನವಾಗಿ ಮಾತಾಡಿದಿರಿ.

ನೀವು ಇದನ್ನು ಬರೀ ಉಪಕಾರ ಅಂದುಕೊಂಡಿದ್ದೀರಿ. ಇಂಥ ಕೆಲಸಕ್ಕೆ ಸಂಬಳ ಇದೆ. ಟಾಟಾದಲ್ಲೇ ಇದಕ್ಕೊಂದು ಸಮಾಜ ಸೇವಾ ವಿಭಾಗ ಇದೆ. ದೂರದ ಊರಿನವರಿಗೆ ಉಳಿಯಲು ಜಾಗ, ಚಿಕಿತ್ಸೆಗೆ ಹಣದ ನೆರವು, ಹೆದರಿದ ಮನೆಯವರಿಗೆ ನಾಲ್ಕು ಧೈರ್ಯದ ಮಾತು, ಎಲ್ಲಾ ಅವರ ಕೆಲಸವೇ.

ಅದಕ್ಕೆ ಓದಬೇಕಾದದ್ದು ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯೂ. ಯಾವ ಪದವಿ ಆಗಿದ್ದರೂ ಸೇರಬಹುದು, ಹಾಗಾಗಿ ಬಿ.ಕಾಂ. ದಂಡವಾಗುವುದಿಲ್ಲ, ಮುಗಿಸಿ. ದೇವನಾರಿನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) 1936ರಲ್ಲಿ ಶುರುವಾಗಿದ್ದೇ ಸಮಾಜಕಾರ್ಯದ ಶಾಲೆಯಾಗಿ. ಈಗ ಅಲ್ಲಿಗೆ ಸಿಯುಇಟಿ-ಪಿಜಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಚರ್ಚ್‌ಗೇಟ್ ಕಡೆ ನಿರ್ಮಲಾ ನಿಕೇತನ ಅನ್ನುವ ಸಮಾಜಕಾರ್ಯದ ಕಾಲೇಜೂ ಇದೆ. ಮೂರು ವರ್ಷದ ಎಲ್‌ಎಲ್‌ಬಿಯೂ ಮಾತು ಬಲ್ಲವರಿಗೆ ಒಳ್ಳೆಯದೇ. ಕಂಪನಿಗಳ ಎಚ್‌ಆರ್ ಕೆಲಸವೂ ಇದೆ. ಆದರೆ ನಿಮ್ಮ ಪತ್ರ ಓದಿದ ಮೇಲೆ ನನ್ನ ಮನಸ್ಸು ಆಸ್ಪತ್ರೆಯ ಕಡೆಗೇ ವಾಲುತ್ತಿದೆ.

ಕಷ್ಟವನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಸಿಎ ಮಾಡಿದವರಷ್ಟು ಸಂಬಳ ಸಿಗುವುದಿಲ್ಲ. ನಿನ್ನೆ ಮಾತಾಡಿಸಿದ ರೋಗಿ ಇವತ್ತು ಇಲ್ಲ ಅನ್ನುವ ದಿನಗಳೂ ಬರುತ್ತವೆ. ಲೆಕ್ಕವೂ ಪೂರ್ತಿ ತಪ್ಪುವುದಿಲ್ಲ. ಚಿಕಿತ್ಸೆಗೆ ಎಷ್ಟು ಬೇಕು, ಟ್ರಸ್ಟ್ ಎಷ್ಟು ಕೊಟ್ಟಿತು, ಇನ್ನೆಷ್ಟು ಬಾಕಿ ಅಂತ ಬರೆದಿಡಬೇಕು. ಆ ರಾಯಚೂರಿನ ಅಜ್ಜನಿಗಾಗಿ ಕೂಡಿಸುವ ಲೆಕ್ಕಕ್ಕೆ ನಿಮ್ಮ ತಲೆ ಓಡುತ್ತದೆ ಅಂತ ನನಗೆ ನಂಬಿಕೆ ಇದೆ.

ಇನ್ನು ಅಪ್ಪ. ಅವರ ಭಯ ನಿಮ್ಮ ಭವಿಷ್ಯದ ಬಗ್ಗೆ, ಸಿಎ ಅವರಿಗೆ ಗೊತ್ತಿರುವ ಒಂದು ಗಟ್ಟಿ ದಾರಿ, ಅಷ್ಟೇ. ರಾತ್ರಿ ಹೋಟೆಲಿಂದ ಸುಸ್ತಾಗಿ ಬಂದಾಗ ಈ ಮಾತು ಎತ್ತಬೇಡಿ. ರಜೆಯ ದಿನ, ಚಹಾ ಕುಡಿಯುವಾಗ ಹೇಳಿ. ಕಟ್ಟಿದ ಫೀಸಿನ ಬಗ್ಗೆ ನಿಮಗಿರುವ ಸಂಕಟವನ್ನೂ ಬಾಯಿಬಿಟ್ಟು ಹೇಳಿ, ಅದು ಅವರಿಗೆ ಗೊತ್ತಾಗಬೇಕು ಅಲ್ವಾ? ಬಿ.ಕಾಂ.ನಲ್ಲಿ ಶೇ. 55 ಬಂದರೆ ಫೌಂಡೇಶನ್ ಇಲ್ಲದೆ ನೇರ ಮುಂದಿನ ಹಂತವಾದ ಸಿಎ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಈಗ ಬಿಟ್ಟರೂ ಬಾಗಿಲು ಮುಚ್ಚುವುದಿಲ್ಲ ಅಂತ ತಿಳಿದರೆ ಅವರಿಗೂ ಸ್ವಲ್ಪ ಸಮಾಧಾನ ಆದೀತು.

ಮತ್ತೆ, ದೊಡ್ಡಮ್ಮ ಮುಂದಿನ ತಪಾಸಣೆಗೆ ಬರುತ್ತಾರಲ್ಲ, ಅವತ್ತು ಅಪ್ಪನನ್ನೂ ಪರೇಲಿಗೆ ಕರೆದುಕೊಂಡು ಹೋಗಿ. ಅಲ್ಲಿ ನೀವು ಮಾತಾಡುವುದನ್ನು ಅವರು ಒಮ್ಮೆ ಪಕ್ಕದಲ್ಲೇ ಕೂತು ನೋಡಲಿ.