ಪಂಕ್ತಿ ಕೆಳಗೆ, ಅತ್ತೆ ಮೇಲೆ

ಪತ್ರ: ನಮ್ಮೂರ ಸಮುದಾಯ ಭವನಕ್ಕೆ ರ‍್ಯಾಂಪ್, ಅಗಲ ಬಾಗಿಲಿನ ಶೌಚಾಲಯ ಬೇಕೆಂದು ಕೆಲವರು ಹಟ ಹಿಡಿದಿದ್ದಾರೆ. ಕಳೆದ ವರ್ಷ ಗಾಲಿಕುರ್ಚಿಯಲ್ಲಿ ಬಂದವರು ಒಬ್ಬರೇ. ಆ ದುಡ್ಡಲ್ಲಿ ಅಡುಗೆಮನೆ ರಿಪೇರಿ ಮಾಡಿಸಬಹುದಲ್ಲವೇ?
– ಸಮಿತಿಯ ಖಜಾಂಚಿ, ಮಲೆನಾಡು

ಉತ್ತರ: ಖಜಾಂಚಿಗಳೇ, ಚಂದಾ ಎತ್ತುವ ಕಷ್ಟ ನನಗೂ ಗೊತ್ತು. ಅಡುಗೆಮನೆ ಸೋರುತ್ತಿದ್ದರೆ ಅದೂ ಆಗಲಿ. ಅಷ್ಟು ಒಪ್ಪಿದೆ.

ಆದರೆ ‘ಒಬ್ಬರೇ’ ಅಂದಿರಲ್ಲ, ಅದು ಸರಿ ಕಾಣಲಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿ ಯಾರೂ ಬರುತ್ತಿಲ್ಲ, ಹಾಗಾಗಿ ಕಾಲುಸಂಕ ಬೇಡ ಎಂದ ಹಾಗಾಯಿತು. ಮಲೆನಾಡಿನವರಾಗಿ ನೀವೇ ಹೀಗೆ ಬರೆದರೆ ಹೇಗೆ?

ನಮ್ಮ ಸೋದರತ್ತೆಗೆ ಮಂಡಿನೋವು. ಮೊಮ್ಮಗನ ಮದುವೆಯಲ್ಲಿ ಧಾರೆಯೇನೋ ಕಣ್ತುಂಬ ನೋಡಿದರು. ಊಟದ ಹಾಲ್ ಮಾತ್ರ ನೆಲಮಾಳಿಗೆಯಲ್ಲಿ, 22 ಮೆಟ್ಟಿಲು ಕೆಳಗೆ. “ಇಲ್ಲಿಗೇ ತಂದ್ಕೊಡ್ತೀವಿ ಬಿಡಿ ಅಜ್ಜಿ” ಎಂದರು ಹುಡುಗರು. ತಂದರು ಕೂಡ, ಪೇಪರ್ ತಟ್ಟೆಯಲ್ಲಿ. ಸಾರು ಹರಿದು ಹೋಳಿಗೆ ನೆನೆದಿತ್ತು. ಚಪ್ಪಲಿ ರಾಶಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಟ್ಟೆ ತೊಡೆ ಮೇಲಿಟ್ಟುಕೊಂಡು ಉಂಡರು. ಕೆಳಗಿನಿಂದ “ತುಪ್ಪ, ತುಪ್ಪ” ಅನ್ನುವ ಕೂಗು ಕೇಳುತ್ತಿತ್ತು. ತುಪ್ಪ ಮೇಲೆ ಬರಲಿಲ್ಲ. ನಿಮ್ಮ ಲೆಕ್ಕದಲ್ಲಿ ಅತ್ತೆ ಸೇರುವುದೇ ಇಲ್ಲ, ಅವರು ಗಾಲಿಕುರ್ಚಿಯವರಲ್ಲವಲ್ಲ! ತುಂಬು ಬಸುರಿಯೂ ಇಲ್ಲ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವನೂ ಇಲ್ಲ.

ಇದನ್ನು ಪುಣ್ಯದ ಕೆಲಸ ಅಂದುಕೊಳ್ಳಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸಾರ್ವಜನಿಕರು ಬಳಸುವ ಕಟ್ಟಡ ಖಾಸಗಿಯದಾದರೂ ಬಿಡುವುದಿಲ್ಲ. ಹಳೇ ಕಟ್ಟಡ ಸರಿಪಡಿಸಲು, 2017ರಲ್ಲಿ ನಿಯಮ ಬಂದಂದಿನಿಂದ ಐದು ವರ್ಷದ ಗಡುವಿತ್ತು. ಅದು ಮುಗಿದು ಎಷ್ಟೋ ಕಾಲವಾಯಿತು. ಇಂಥ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಮಾಡಿಸುವುದಾದರೆ ಸರಿಯಾಗಿ ಮಾಡಿಸಿ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಅರ್ಧರ್ಧ ಅಡಿಯ ಮೂರು ಮೆಟ್ಟಿಲಿದ್ದರೆ 18 ಅಡಿ. ನಮ್ಮ ಗುತ್ತಿಗೆದಾರರು ಅದನ್ನು ಆರು ಅಡಿಯಲ್ಲಿ ಮುಗಿಸಿ, ಮೇಲೆ ಜಾರುವ ಗ್ರಾನೈಟ್ ಹಾಸಿಬಿಡುತ್ತಾರೆ. ಆಮೇಲೆ ಅಲ್ಲಿ ಯಾರದೋ ಬೈಕ್ ನಿಲ್ಲುತ್ತದೆ. ಅಂದ ಹಾಗೆ, ನಿಮ್ಮ ಅಡುಗೆ ಭಟ್ಟರನ್ನೂ ಒಂದು ಮಾತು ಕೇಳಿ. ಸಿಲಿಂಡರ್, ಅನ್ನದ ಕೊಪ್ಪರಿಗೆ ಹೊತ್ತು ಸೊಂಟ ಬಿದ್ದವರು ರ‍್ಯಾಂಪ್ ಬೇಡ ಅಂತಾರಾ?

ನಮ್ಮಲ್ಲಿ ದುಡ್ಡಿಲ್ಲ ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ದಾನಿಗಳ ಹೆಸರು ಕೆತ್ತಿದ ಕಲ್ಲಿಗೆ ಯಾವತ್ತಾದರೂ ದುಡ್ಡು ಸಾಲದೆ ಹೋಗಿದೆಯಾ? ಚುನಾವಣೆಯ ದಿನ ನಮ್ಮ ಬೀದಿಯ ಶಾಲೆಗೆ ಹಲಗೆಯ ರ‍್ಯಾಂಪ್ ಬಂದಿತ್ತು. ವೋಟು ಬೇಕಲ್ಲ! ಶಾಲೆಯ ಬಾಗಿಲು ಮತ್ತೆ ತೆರೆದಾಗ ಹಲಗೆ ಇರಲಿಲ್ಲ. ಅಲ್ಲಿ ಓದುವ ಮಗುವಿಗೆ ವೋಟಿಲ್ಲ ನೋಡಿ.

ನಿಮ್ಮ ಭವನದಲ್ಲಿ ಊಟದ ಹಾಲ್ ಮೇಲಿದೆಯೋ ಕೆಳಗಿದೆಯೋ, ಪತ್ರದಲ್ಲಿ ಬರೆದಿಲ್ಲ. ಮೆಟ್ಟಿಲು ಎಣಿಸಿ ಇನ್ನೊಂದು ಪತ್ರ ಹಾಕಿ.
– ಸಂ.